ಶಾವಿಗೆಯ ನಾಲ್ಕನೆಯ ತುಂಡು

ಮೊನ್ನೆ ಸಂಭಾಜಿನಗರದಿಂದ ಫೋನ್ ಬಂದಿತ್ತು. ನಮ್ಮಲ್ಲಿ ಬಾಡಿಗೆಗಿದ್ದ ಸಾಹೇಬರು ನಿವೃತ್ತರಾದರಂತೆ. ಆಫೀಸಿನವರು ಶಾಲು ಹೊದಿಸಿ, ತೆಂಗಿನಕಾಯಿ ಕೈಗಿಟ್ಟು, ಇಷ್ಟು ಶಾಂತ ಸ್ವಭಾವದ ಅಧಿಕಾರಿಯನ್ನು ನಾವು ನೋಡಿಯೇ ಇಲ್ಲ ಎಂದು ಭಾಷಣ ಮಾಡಿದರಂತೆ. ಆಫೀಸಿನವರಿಗೆ ಅವರು ಹಗಲಿನಲ್ಲಿ ಮಾತ್ರ ಗೊತ್ತು. ಹಗಲಿನಲ್ಲಿ ಅವರು ಅರ್ಧ ನಿದ್ದೆಯಲ್ಲಿರುತ್ತಿದ್ದರು. ನಿದ್ದೆಗಣ್ಣಿನ ಮನುಷ್ಯ ಯಾರೇ ಆಗಲಿ ಶಾಂತವಾಗಿಯೇ ಕಾಣುತ್ತಾನೆ. ಅವರು ಪೂರ್ತಿ ಎಚ್ಚರವಿದ್ದದ್ದನ್ನು ನೋಡಿದವಳು ನಾನು, ಹಾಗಾಗಿ ಬರೆಯುತ್ತಿದ್ದೇನೆ.

ನಾಶಿಕದಲ್ಲಿ ನಮ್ಮ ಮನೆಯ ಹಿಂದಿನ ಎರಡು ಖೋಲಿಯಲ್ಲಿ ಅವರು ಬಾಡಿಗೆಗೆ ಇದ್ದರು. ತುಮಕೂರು ಕಡೆಯವರು, ಕೇಂದ್ರ ಸರಕಾರದ ನೌಕರಿ, ವರ್ಗವಾಗಿ ಬಂದವರು. ಹೆಂಡತಿ ಊರಿನಲ್ಲಿ ಶಾಲೆಯ ಟೀಚರು, ರಜೆ ಸಿಕ್ಕಾಗ ಬಂದು ಹೋಗುತ್ತಿದ್ದರು. ನಾವು ಭಾಲ್ಕಿ ಕಡೆಯ ಜನ. ನನ್ನ ಯಜಮಾನರು ಇಲ್ಲಿ ಬಂದು ಪಾತ್ರೆ ಅಂಗಡಿ ಹಾಕಿದರು. ಈಗ ಅವರಿಲ್ಲ. ಮಗ ಘೋಟಿಯಲ್ಲಿ ಅಂಗಡಿ ನಡೆಸುತ್ತಾನೆ, ವಾರದಲ್ಲಿ ನಾಲ್ಕಾರು ದಿನ ಅಲ್ಲಿಯೇ ಮಲಗುತ್ತಾನೆ. ಸೊಸೆ ಸುನಂದಾ ಗಾಡಿಗಳ ವೈರು ಜೋಡಿಸುವ ಒಂದು ಕಂಪನಿಯಲ್ಲಿ ಎರಡನೇ ಪಾಳಿಗೆ ಹೋಗುತ್ತಾಳೆ.

ಮನೆ ನೋಡಲು ಬಂದ ದಿನ ಅವರು ನಳ ತಿರುಗಿಸಿ ನೋಡಲಿಲ್ಲ, ಮೋರಿ ನೋಡಲಿಲ್ಲ. ಸೀದಾ ಹಿತ್ತಲಿಗೆ ಹೋಗಿ, ಕತ್ತು ಮೇಲೆ ಮಾಡಿಕೊಂಡು, ನಿಂತಲ್ಲೇ ಒಂದು ಸುತ್ತು ತಿರುಗಿದರು.

"ಏನ್ ನೋಡ್ಲತ್ತೀರಿ ಸಾಹೇಬ್ರೆ? ಖೋಲಿ ಈ ಕಡಿ ಅವ."

"ಇಲ್ಲಿಂದ ಉತ್ತರ ಚೆನ್ನಾಗಿ ಕಾಣುತ್ತಮ್ಮ."

"ಉತ್ತರಕ್ಕ ಜಾಧವ ಕಾಕಾನ ಬಾಲ್ಕನಿ ಅದ. ಅವರ ಚಡ್ಡಿ ಬನಿಯನ್ ಒಣಗ್ತಾವ. ಅದರಾಗ ನೋಡೋದೇನದ?"

"ಅದಕ್ಕಿಂತ ಮೇಲಮ್ಮ," ಎಂದರು. ಮುಂಗಡ ಕೊಟ್ಟೇ ಹೋದರು.

ನಾಲ್ಕು ದಿನಕ್ಕೆ ಸಾಮಾನು ಬಂತು. ಒಂದು ಹಾಸಿಗೆ, ಒಂದು ಕುಕ್ಕರು, ಉಳಿದದ್ದೆಲ್ಲ ಪೆಟ್ಟಿಗೆ. ಒಂದು ಪೆಟ್ಟಿಗೆಯಿಂದ ಸ್ನಾನದ ಹಂಡೆಯಂಥದ್ದೊಂದು ಹೊರಬಂತು. ಗಿಡ್ಡ, ದಪ್ಪ, ಅಗಲ ಬಾಯಿ. ನಾನು ದುರ್ಬೀನು ಎಂದರೆ ಕೊಳವೆಯ ಹಾಗೆ ಉದ್ದ ಇರುತ್ತದೆ ಅಂದುಕೊಂಡಿದ್ದೆ. ಇದಕ್ಕೆ ಕಣ್ಣಿಟ್ಟು ನೋಡುವ ಜಾಗವೇ ಇಲ್ಲ. ಕ್ಯಾಮೆರಾವನ್ನು ಅದರ ಬಾಯಿಯ ನಟ್ಟನಡುವೆ ಸಿಕ್ಕಿಸುತ್ತಿದ್ದರು, ಹಂಡೆಯ ಬಾಯಲ್ಲಿ ತಂಬಿಗೆ ಸಿಕ್ಕಿದ ಹಾಗೆ. ಆಕಾಶದಲ್ಲಿ ಧೂಳು ಹೊಗೆಯ ದೊಡ್ಡ ದೊಡ್ಡ ಮೋಡಗಳಿವೆ, ನೀಹಾರಿಕೆ ಅನ್ನುತ್ತಾರೆ, ಬರಿಗಣ್ಣಿಗೆ ಕಾಣುವುದಿಲ್ಲ, ಅವುಗಳ ಫೋಟೋ ತೆಗೆಯುತ್ತೇನೆ ಎಂದರು.

"ಇದು ಭಾಳ ಫಾಸ್ಟಮ್ಮ," ಎಂದು ಹಂಡೆಯ ಬೆನ್ನು ತಟ್ಟಿದರು.

"ಎಲ್ಲಿ ಫಾಸ್ಟ್? ನಿಂತಲ್ಲೇ ನಿಂತದಲ್ರಿ."

ಅವರು ಅದೇನೋ ಅಂಕಿ ಹೇಳಿದರು, ನನಗೆ ಹತ್ತಲಿಲ್ಲ. ಆಮೇಲೆ ನನ್ನ ದಾರಿಗೆ ಬಂದರು. ಮಳೆ ಬರುವಾಗ ಅಂಗಳದಲ್ಲಿ ಒಂದು ಚೊಂಬು ಇಡಿ, ಒಂದು ಪರಾತ ಇಡಿ, ಯಾವುದಕ್ಕೆ ಹೆಚ್ಚು ನೀರು ಬೀಳುತ್ತದೆ ಎಂದು ಕೇಳಿದರು. ಪಾತ್ರೆ ಅಂಗಡಿಯವಳಿಗೆ ಅದನ್ನು ಹೇಳಿಕೊಡಬೇಕೇ? ಬೇರೆ ದುರ್ಬೀನು ಇಡೀ ರಾತ್ರಿ ಕುಡಿಯುವ ಬೆಳಕನ್ನು ಇದು ಸ್ವಲ್ಪ ಹೊತ್ತಿನಲ್ಲಿ ಕುಡಿಯುತ್ತದಂತೆ. "ಬೆಳಗ್ಗೆ ಎದ್ದು ಆಫೀಸಿಗೆ ಹೋಗೋ ನನ್ನಂಥೋನಿಗೆ ಇದೇ ಸರಿ," ಎಂದರು. ಎದ್ದು ಹೋಗುವುದು ಎಂಬ ಮಾತು ಬರೀ ಮಾತು. ಮಲಗಿದರೆ ತಾನೇ ಏಳುವುದು?

ಅಗಲ ಬಾಯಿಗೆ ಒಳ್ಳೆಯದೂ ಬೇಗ ಬೀಳುತ್ತದೆ, ಕಸವೂ ಬೇಗ ಬೀಳುತ್ತದೆ. ಮೊದಲ ಚಳಿಗಾಲದಲ್ಲಿ ಅವರ ಫೋಟೋಗಳಲ್ಲೆಲ್ಲ ದುಂಡನೆಯ ಬೂದು ಕಲೆ ಬರತೊಡಗಿತು. ಗಾಜು ಒರೆಸಿದರೂ ಮರುದಿನ ಹೊಸ ಜಾಗದಲ್ಲಿ ಹೊಸ ಕಲೆ. ಗಾಜನ್ನು ಬೈದರು, ಮಾರಿದವನನ್ನು ಬೈದರು, ಕಡೆಗೆ ನಾಶಿಕದ ಧೂಳನ್ನು ಬೈಯಲು ಶುರು ಮಾಡಿದರು. ಅವರೂ ನಮ್ಮ ಹಾಗೆ ಲಿಂಗ ಕಟ್ಟಿದವರು. ಸಂಜೆ ಸ್ನಾನ, ಪೂಜೆ, ಹಣೆತುಂಬ ಮೂರು ಬೆರಳಿನ ವಿಭೂತಿ, ಆಮೇಲೆ ಹಿತ್ತಲಿಗೆ ಬಂದು ಹಂಡೆಯ ಬಾಯಿಗೆ ಬಗ್ಗಿ ಕ್ಯಾಮೆರಾ ಸಿಕ್ಕಿಸುವುದು. ಒಂದು ಸಂಜೆ ನಾನು ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದೆ.

"ಸಾಹೇಬ್ರೆ, ಧೂಳು ನಾಶಿಕಂದಲ್ಲ. ನಿಮ್ಮ ಹಣೀದು."

ಅವರು ಹಣೆ ಮುಟ್ಟಿಕೊಂಡರು, ಬೆರಳು ನೋಡಿದರು, ಕ್ಯಾಮೆರಾದ ಗಾಜು ನೋಡಿದರು. ಕೆಮ್ಮು ಬರುವ ತನಕ ನಕ್ಕರು. ಅಂದಿನಿಂದ ಅವರ ಪೂಜೆ ಬೆಳಗಿನ ಜಾವಕ್ಕೆ ಹೋಯಿತು, ಎಲ್ಲ ಬಿಚ್ಚಿ ಕಟ್ಟಿಟ್ಟ ಮೇಲೆ. "ಶಿವ ಕಾಯ್ತಾನಮ್ಮ. ನಕ್ಷತ್ರ ಕಾಯಲ್ಲ, ಮುಳುಗಿಬಿಡುತ್ತೆ," ಎನ್ನುತ್ತಿದ್ದರು.

ಬೆಳಗಾಗುವ ಹೊತ್ತಿಗೆ ಅವರದು ಇನ್ನೊಂದು ಕೆಲಸ. ದುರ್ಬೀನಿನ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಹುಟ್ಟುತ್ತಿರುವ ಬೆಳಕಿಗೆ ಹಿಡಿದು, ಏನೂ ಇಲ್ಲದ ಬಿಳಿ ಫೋಟೋ ತೆಗೆಯುತ್ತಿದ್ದರು. ಗಾಜಿನ ದೋಷ ಯಾವುದು, ಆಕಾಶದಿಂದ ಬಂದದ್ದು ಯಾವುದು ಎಂದು ಬೇರೆ ಮಾಡುವುದಕ್ಕೆ. ಹಳೆಯ ಬಿಳಿ ಬಟ್ಟೆ ಇದ್ದರೆ ಕೊಡಿ ಎಂದು ಕೇಳಿದರು. ನನ್ನ ಯಜಮಾನರ ಧೋತರ ಹರಿದು ಕೊಟ್ಟೆ. ಬದುಕಿದ್ದಾಗ ಆ ಮನುಷ್ಯ ಸೂರ್ಯ ನೆತ್ತಿಗೆ ಬರುವ ಮೊದಲು ಎದ್ದವನಲ್ಲ. ಸತ್ತ ಮೇಲೆ ಅವನ ಧೋತರ ದಿನಾ ನಸುಕಿನಲ್ಲಿ ಎದ್ದು ದುಡಿಯಿತು.

ಫೋಟೋ ತೋರಿಸಿದಾಗ ನಾನು ಚೆನ್ನಾಗಿದೆ ಅನ್ನಲಿ ಎಂದು ಕಾಯುತ್ತಿದ್ದರು. ಕಂಡದ್ದನ್ನು ಹೇಳುತ್ತಿದ್ದೆ. ಒಂದು ಹೂಕೋಸಿನ ಹಾಗಿತ್ತು. ಇನ್ನೊಂದು ತಳ ಹಿಡಿದ ಹಾಲಿನ ಪಾತ್ರೆ. "ಬಣ್ಣ ಮಂಕು ಅದ, ಇನ್ನೊಂದೀಟು ಕೆಂಪು ಹಾಕ್ರಿ. ಲಗ್ನದ ಅಲ್ಬಮ್‌ದಾಗ ಹಾಕಲ್ಲೇನು?" ಎಂದೆ ಒಮ್ಮೆ.

"ಹಾಕಲ್ಲಮ್ಮ. ಅಲ್ಲಿಂದ ಎಷ್ಟು ಬಂತೋ ಅಷ್ಟೇ."

"ಯಾರಿಗಿ ಗೊತ್ತಾಗ್ತದ?"

"ನನಗೆ ಗೊತ್ತಾಗುತ್ತಲ್ಲ."

ಇಂಥವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ಬಾಡಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದರು.

ಎರಡನೆಯ ವರ್ಷದಿಂದ ಅವರಿಗೆ ಒಂದು ನೀಹಾರಿಕೆಯ ಹುಚ್ಚು ಹಿಡಿಯಿತು. ಯಾವುದೋ ಕಾಲದಲ್ಲಿ ಒಡೆದುಹೋದ ನಕ್ಷತ್ರದ್ದಂತೆ. ಒಡೆದು, ಅದರ ಎಳೆಗಳು ಆಕಾಶದ ತುಂಬ ಹರಡಿಕೊಂಡು ಇನ್ನೂ ತೇಲುತ್ತಿವೆಯಂತೆ. ಮೊದಲ ತುಂಡು ತೋರಿಸಿದಾಗ ನಾನು, "ಏ, ಇದು ಶಾವಿಗಿ! ಮಂಚದ ಮ್ಯಾಲ ಒಣಗಿಸಿದಂಗ ಅದ," ಎಂದೆ. ಅವರು ಕುರ್ಚಿಯಿಂದ ಎದ್ದು ನಿಂತರು. ಇಂಗ್ಲಿಷಿನವರೂ ಅದಕ್ಕೆ ಅಂಥದೇ ಒಂದು ತಿಂಡಿಯ ಹೆಸರಿಟ್ಟಿದ್ದಾರಂತೆ. ಅವತ್ತಿನಿಂದ ಅದು ಶಾವಿಗೆಯೇ ಆಯಿತು. ಅದು ಎಷ್ಟು ದೊಡ್ಡದೆಂದರೆ ಅವರ ಅಗಲ ಬಾಯಿಗೂ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ನಾಲ್ಕು ತುಂಡು ಮಾಡಿ ತೆಗೆದು ಕೂಡಿಸಬೇಕು. ಎಷ್ಟು ಮಂಕೆಂದರೆ, ಆ ಫಾಸ್ಟ್ ಹಂಡೆ ಕೂಡ ಒಂದೊಂದು ತುಂಡಿಗೆ ರಾತ್ರಿಗಟ್ಟಲೆ ಕುಡಿಯಬೇಕು. ಚಳಿಗಾಲದಲ್ಲಿ ಮಾತ್ರ, ಚಂದ್ರ ಇಲ್ಲದಾಗ ಮಾತ್ರ, ಮೋಡ ಇಲ್ಲದಾಗ ಮಾತ್ರ. ಮೂರು ತುಂಡು ಆಗಿತ್ತು. ನಾಲ್ಕನೆಯದು ಉಳಿದಿತ್ತು.

ಆಗ ವರ್ಗದ ಆದೇಶ ಬಂತು. ಸಂಭಾಜಿನಗರಕ್ಕೆ. ಚಿಕಲಠಾಣಾ ಕಡೆ ಮೂರನೇ ಮಾಳಿಗೆಯ ಫ್ಲ್ಯಾಟು, ಸುತ್ತ ಕಟ್ಟಡ, ಕಿಟಕಿಯಿಂದ ಎದುರಿನವರ ಕಿಟಕಿ ಕಾಣುತ್ತದೆ ಅಷ್ಟೇ. ಶಿವರಾತ್ರಿಯ ಮರುದಿನ ಟೆಂಪೋ ಹೇಳಿದರು. ಶಿವರಾತ್ರಿ ಅಂದರೆ ಅಮಾವಾಸ್ಯೆಯ ಹಿಂದಿನ ರಾತ್ರಿ. ಅದರೊಳಗೆ ಸಿಗುವ ಕತ್ತಲೆಯಲ್ಲಿ ನಾಲ್ಕನೆಯ ತುಂಡು ಆಗಬೇಕು, ಇಲ್ಲವಾದರೆ ಇಲ್ಲ.

"ಆಗುತ್ತಮ್ಮ. ಸಾಕು ಇಷ್ಟು ದಿನ," ಎಂದರು. ಧೈರ್ಯ ನನಗೆ ಹೇಳಿದರೋ ಹಂಡೆಗೆ ಹೇಳಿದರೋ.

ಇದೇ ಹೊತ್ತಿಗೆ ಜಾಧವ ಕಾಕಾಗೆ ಬಿಬಟ್ಯಾ ಕಂಡಿತು. ಬಿಬಟ್ಯಾ ಎಂದರೆ ಚಿರತೆ. ನಾಶಿಕದಲ್ಲಿ ಇದು ತಮಾಷೆಯ ಮಾತಲ್ಲ. ಕಬ್ಬಿನ ಹೊಲದಿಂದ ದಾರಿ ತಪ್ಪಿ ಕಾಲನಿಗಳಿಗೆ ಬಂದೇ ಬರುತ್ತವೆ. ಕಾಕಾ ರಾತ್ರಿ ಬಾಲ್ಕನಿಗೆ ಬಂದವರು ನಮ್ಮ ಹಿತ್ತಲ ಕಡೆ ಎರಡು ಕೆಂಪು ಕಣ್ಣು ನೋಡಿ ಬೊಬ್ಬೆ ಹೊಡೆದರು. ಡಬ್ಬಿ ಬಡಿದರು, ಪಟಾಕಿ ಹಾರಿಸಿದರು. ಎರಡು ದಿನದಲ್ಲಿ ಹಿಂದಿನ ಗಲ್ಲಿಯ ಕಂಬಕ್ಕೆ ದೊಡ್ಡ ದೀಪ ಬಂತು. ಬಿಳಿ ಬೆಳಕು, ಕ್ರಿಕೆಟ್ ಮೈದಾನದ ಹಾಗೆ. ನಮ್ಮ ನುಗ್ಗೆಗಿಡದ ಎಲೆ ಎಣಿಸಬಹುದಿತ್ತು.

ಅವತ್ತಿನ ಅವರ ಫೋಟೋ ಕಡೆದ ಮಜ್ಜಿಗೆಯ ಹಾಗಿತ್ತು. ಅಗಲ ಬಾಯಿ ಶಾವಿಗೆಗಿಂತ ಮೊದಲು ಆ ದೀಪವನ್ನೇ ಗಟಗಟ ಕುಡಿದಿತ್ತು. ಅವರು ಕುರ್ಚಿಯಲ್ಲಿ ಕೂತು ದುರ್ಬೀನಿನ ಬುಡವನ್ನೇ ನೋಡುತ್ತಿದ್ದರು. ಬುಡದಲ್ಲಿ ಬ್ಯಾಟರಿಯ ಪೆಟ್ಟಿಗೆ. ಅದರ ಮೇಲೆ ಎರಡು ಕೆಂಪು ದೀಪ, ಒಂದರ ಪಕ್ಕ ಒಂದು. ಕತ್ತಲೆಗೆ ಹೊಂದಿದ ಕಣ್ಣು ಕೆಡಬಾರದೆಂದು ಅವರ ದೀಪಗಳೆಲ್ಲ ಕೆಂಪು.

"ಅಮ್ಮಾ," ಎಂದರು ಮೆಲ್ಲಗೆ, "ಆ ಚಿರತೆ ನಾನೇ."

ಭಾನುವಾರ ದತ್ತ ಮಂದಿರದ ಕಟ್ಟೆಯಲ್ಲಿ ಕಾಲನಿಯ ಸಭೆ ಇತ್ತು. ಅವರ ಮರಾಠಿ ತರಕಾರಿ ಕೊಳ್ಳುವಷ್ಟು ಮಾತ್ರ. ಎದ್ದು ನಿಂತು, ಕೈಕಟ್ಟಿಕೊಂಡು, "ತೇ ಡೋಳೇ ಮಾಝೇ ಹೋತೇ" ಎಂದುಬಿಟ್ಟರು. ಆ ಕಣ್ಣು ನನ್ನವಾಗಿದ್ದವು! ಜನ ನಕ್ಕು ನಕ್ಕು ಸುಸ್ತಾದರು. ಜಾಧವ ಕಾಕಾ ಒಬ್ಬರೇ ನಗಲಿಲ್ಲ. ಬಾಲವನ್ನೂ ನೋಡಿದ್ದೇನೆ ಎಂದರು.

"ಅದು ವಾಯರ್ರಿ ಕಾಕಾ," ಎಂದೆ ನಾನು.

ನಕ್ಕ ಮೇಲೆ ಜನಕ್ಕೆ ಇವರ ಮೇಲೆ ಪ್ರೀತಿ ಬಂತು. ದೀಪ ಇರಲಿ, ಸಾಹೇಬರು ಹೋಗುವ ತನಕ ಅವರಿಗೆ ಬೇಕಾದ ರಾತ್ರಿ ಅದನ್ನು ಆರಿಸಲಿ ಎಂದು ಠರಾವಾಯಿತು. ಕಂಬದ ಸ್ವಿಚ್ಚಿನ ಪೆಟ್ಟಿಗೆಯ ಕೀಲಿ ಅವರ ಕೈಗೆ ಬಂತು. ಬರುವಾಗ ಚಿಕ್ಕ ಹುಡುಗನ ಹಾಗೆ ಅದನ್ನು ಬೆರಳಲ್ಲಿ ತಿರುಗಿಸುತ್ತ ಬಂದರು.

ಚಂದ್ರ ಸರಿದ ಮೊದಲ ರಾತ್ರಿ ದೀಪ ಆರಿಸಿದರು. ಕೆಲಸ ಚೆನ್ನಾಗಿ ನಡೆಯಿತು. ಮರುದಿನ ಮಧ್ಯಾಹ್ನ ಸುನಂದಾ ಪಾಳಿಗೆ ಹೊರಟಾಗ, ಊಟಕ್ಕೆ ಬಂದಿದ್ದ ಅವರು ಕೇಳಿದರು:

"ಯಾಕಮ್ಮ, ರಾತ್ರಿ ನೀವು ಹಿಂದಿನ ಗೇಟಿನಿಂದ ಬರಲಿಲ್ಲ?"

"ಮುಂದಿನ ರಸ್ತೆ ಹಿಡದು ಬಂದೆ ಅಣ್ಣಾ. ಗಲ್ಲಿ ಕತ್ತಲಿತ್ತು."

ಕಂಪನಿಯ ಗಾಡಿ ಗಲ್ಲಿಯ ಬಾಯಿಗೆ ಇಳಿಸುತ್ತದೆ. ಮುಂದಿನ ರಸ್ತೆಯೆಂದರೆ ಇಡೀ ಕಾಲನಿ ಸುತ್ತಿ ಬರಬೇಕು, ಎಂಟು ತಾಸು ನಿಂತು ದುಡಿದ ಕಾಲಿನಲ್ಲಿ.

"ಮೊದಲೂ ಕತ್ತಲೇ ಇತ್ತಲ್ಲ? ಚಿರತೆ ಇಲ್ಲ ಅಂತ ಈಗ ಗೊತ್ತಾಯ್ತಲ್ಲಮ್ಮ?"

ಸುನಂದಾ ಚಪ್ಪಲಿ ಮೆಟ್ಟುತ್ತ ಅಂದಳು: "ಚಿರತಿಗಿ ಯಾರ್ ಅಂಜ್ತಾರ ಅಣ್ಣಾ? ಮೊದಲ ಉಸುರು ಬಿಗಿ ಹಿಡದು ಓಡಿ ಬರ್ತಿದ್ದೆ. ಎಲ್ಲ ಹೆಣ್ಮಕ್ಕಳೂ ಹಂಗೇ ಬರ್ತಿದ್ವಿ. ಈಗ ನಾಕ್ ದಿನ ಬೆಳಕಿನಾಗ ನಡದು ನೋಡೀವಿ. ತಿರುಗಿ ಕತ್ತಲಾಗ ಕಾಲು ಏಳವಲ್ಲದು." ಅಷ್ಟು ಹೇಳಿ ಹೋದಳು.

ನನಗೂ ಅವಳು ಎಂದೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ನನಗೆ ಏನೂ ಹೇಳುವುದಿಲ್ಲ, ನನ್ನ ಬಾಯಿಗೆ ಹೆದರುತ್ತಾರೆ.

ಎರಡನೆಯ ರಾತ್ರಿ ಅವರು ಒಂದು ಉಪಾಯ ಮಾಡಿದರು. ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಕಂಬಕ್ಕೆ ಓಡಿ ದೀಪ ಹಾಕುವುದು, ಹೆಣ್ಣುಮಕ್ಕಳು ದಾಟಿದ ಮೇಲೆ ಆರಿಸಿ ಮತ್ತೆ ಹಿತ್ತಲಿಗೆ ಓಡುವುದು. ಮಂಕಿ ಟೋಪಿ, ಮೈತುಂಬ ಕರಿಯ ಕಂಬಳಿ, ಹಣೆಗೆ ಕಟ್ಟಿದ ಕೆಂಪು ದೀಪ. ಸುನಂದಾಳ ಕಂಪನಿಗೇ ಹೋಗುವ ಪಾಟೀಲರ ಹುಡುಗಿ ಕತ್ತಲೆಯಲ್ಲಿ ಬರುತ್ತಿದ್ದಳು. ಫಕ್ಕನೆ ದೀಪ ಹತ್ತಿತು, ಕಂಬದ ಬುಡದಲ್ಲಿ ಈ ಅವತಾರ ನಿಂತಿತ್ತು. ಅವಳು ಕಿರುಚಿದ್ದಕ್ಕೆ ಇಡೀ ಕಾಲನಿ ಎದ್ದಿತು. ಜಾಧವ ಕಾಕಾ ದೊಣ್ಣೆ ಹಿಡಿದು ಬಂದರು.

"ಬಿಬಟ್ಯಾ?"

"ನಾಹೀ ಕಾಕಾ," ಎಂದಳು ಹುಡುಗಿ ಎದೆ ಹಿಡಿದುಕೊಂಡು, "ಸಾಹೇಬ."

ಕಾಲನಿಗೆ ಅದು ಒಂದು ವಾರದ ನಗೆ. ಅವರು ಮಾತ್ರ ನಗಲಿಲ್ಲ. ಹುಡುಗಿಯ ಟಿಫಿನ್ ಡಬ್ಬಿ ಕೈಜಾರಿ ಬಿದ್ದಿತ್ತು. ಬಗ್ಗಿ ಅದನ್ನು ಎತ್ತಿ, ಧೂಳು ಒರೆಸಿ, ಅವಳ ಕೈಗೆ ಕೊಟ್ಟರು. ಆ ರಾತ್ರಿ ದೀಪ ಮತ್ತೆ ಆರಲಿಲ್ಲ.

ಆಮೇಲೆ ಮೋಡ. ಅವರು ದಿನಾ ಸಂಜೆ ಆಕಾಶ ನೋಡುವುದು, ಒಳಗೆ ಹೋಗಿ ಒಂದು ಪೆಟ್ಟಿಗೆ ಕಟ್ಟುವುದು. ಶಿವರಾತ್ರಿಯ ಹೊತ್ತಿಗೆ ದುರ್ಬೀನು, ಕುರ್ಚಿ ಬಿಟ್ಟು ಎಲ್ಲವೂ ಕಟ್ಟಾಗಿತ್ತು. ಶಿವರಾತ್ರಿಯ ಸಂಜೆ ಆಕಾಶ ತೊಳೆದ ತಟ್ಟೆಯ ಹಾಗೆ ಸ್ವಚ್ಛವಾಯಿತು.

ನಾನು ಜಾಗರಣೆಗೆ ಹಿತ್ತಲಲ್ಲೇ ಚಾಪೆ ಹಾಕಿದೆ. ಇಬ್ಬರದೂ ಉಪವಾಸ, ಒಂದೊಂದು ಬಟ್ಟಲು ಸಾಬೂದಾಣಿ ಖಿಚಡಿ ತಿಂದೆವು. ಅವರು ದುರ್ಬೀನು ನಿಲ್ಲಿಸಿದರು, ಕ್ಯಾಮೆರಾ ಸಿಕ್ಕಿಸಿದರು, ಶಾವಿಗೆಯ ಕಡೆ ತಿರುಗಿಸಿದರು. ಬಂದು ಕುರ್ಚಿಯಲ್ಲಿ ಕೂತರು. ಗಲ್ಲಿಯ ದೀಪ ಉರಿಯುತ್ತಲೇ ಇತ್ತು.

"ಕೀಲಿ ಕಿಸೆದಾಗ ಇಟಗೊಂಡು ಕುಂತೀರಲ್ಲ, ಬಂದ್ ಮಾಡ್ರಿ."

"ಪಾಳಿ ಬಿಡಲಿ ಅಮ್ಮ. ಎಲ್ಲರೂ ಮನೆ ಸೇರಲಿ. ಆಮೇಲೂ ಸ್ವಲ್ಪ ಹೊತ್ತು ಸಿಗುತ್ತೆ."

"ಸಾಲ್ತದೇನು?"

"ಫಾಸ್ಟ್ ಇದೆಯಲ್ಲ."

ಕಂಪನಿಗೆ ರಜೆ ಇರಲಿಲ್ಲ. ಗಾಡಿ ಬಂತು. ಹೆಣ್ಣುಮಕ್ಕಳು ಮಾತಾಡುತ್ತ ಗಲ್ಲಿಯಲ್ಲಿ ಬಂದರು. ಪಾಟೀಲರ ಹುಡುಗಿ ನಮ್ಮ ಗೋಡೆಗೆ ಕೈಯೂರಿ, "ಕಾಕಾ, ಇವತ್ತ ಭೂತ ಆಗೂದಿಲ್ಲೇನು?" ಎಂದು ಮರಾಠಿಯಲ್ಲಿ ಕೆಣಕಿದಳು. ಅವರು ನಕ್ಕು ದುರ್ಬೀನನ್ನು ಬೇರೆ ಕಡೆ ತಿರುಗಿಸಿದರು. ಮೃಗಶಿರದ ಕೆಳಗೆ ಒಂದು ಪ್ರಖರ ನೀಹಾರಿಕೆ ಇದೆ. ಕಲಿಯುವ ಮಕ್ಕಳು ತೆಗೆಯುವಂಥದ್ದು ಎಂದು ಅವರು ಅದರ ತಂಟೆಗೇ ಹೋಗುತ್ತಿರಲಿಲ್ಲ. ಹುಡುಗಿಯರು ನಿಂತ ನಿಲುವಿನಲ್ಲಿ, ಅಷ್ಟು ಬೆಳಕಿನಲ್ಲಿ ಕೂಡ, ಲ್ಯಾಪ್‌ಟಾಪಿನಲ್ಲಿ ಗುಲಾಬಿ ಬಣ್ಣ ಮೆಲ್ಲಗೆ ಮೂಡಿತು. ಒಬ್ಬಳು "ಅಯ್ಯಾ!" ಎಂದಳು. ಉಳಿದವರು ಗೋಡೆಯ ಮೇಲೆ ಇನ್ನಷ್ಟು ಬಗ್ಗಿದರು.

"ನಾವೆಲ್ಲಾ ಬಂದ್ವಿ ಕಾಕಾ. ಇನ್ನ ಬಂದ್ ಮಾಡಿಕೊಳ್ರಿ," ಎಂದಳು ಪಾಟೀಲರ ಹುಡುಗಿ ಹೊರಡುವಾಗ.

"ನಮ್ಮ ಸುನಂದಾ?" ಎಂದೆ ನಾನು.

"ವಹಿನಿಗೆ ಓವರ್‌ಟೈಮ್. ಆಮ್ಯಾಲಿನ ಗಾಡಿಗೆ ಬರ್ತಾಳ."

ಅವರು ಹೊರಗೆ ತೆಗೆದಿದ್ದ ಕೀಲಿಯನ್ನು ತಿರುಗಿ ಕಿಸೆಗೆ ಹಾಕಿಕೊಂಡರು. ದುರ್ಬೀನನ್ನು ತಿರುಗಿ ಶಾವಿಗೆಯ ಕಡೆ ಹೊರಳಿಸಿ ಕೂತರು.

ನನಗೆ ತಡೆಯಲಾಗಲಿಲ್ಲ. "ನಾ ಫೋನ್ ಮಾಡ್ತೀನಿ. ಮುಂದಿನ ರಸ್ತಿ ಹಿಡದು ಬರಲಿ. ಒಂದಿನ ಸುತ್ತಿ ಬಂದ್ರ ಸಾಯಲ್ಲ ಆಕಿ. ನೀವು ಮೂರು ವರ್ಷದಿಂದ ಕುಂತೀರಿ."

"ಬೇಡಮ್ಮ."

"ನಾ ಆಕಿ ಅತ್ತಿ, ನಾ ಹೇಳ್ಲತ್ತೀನಿ."

"ಅವರಿಗೆ ಫೋನ್ ಮಾಡಿದ್ರೆ ಸುತ್ತಿ ಬರ್ತಾರೆ, ನನಗೂ ಗೊತ್ತು," ಎಂದರು. "ಅದಕ್ಕೇ ಮಾಡಬೇಡಿ."

ಕೂತೆವು. ಶಾವಿಗೆ ಎಲ್ಲಿದೆ ಎಂದು ನನಗೇನು ಕಾಣುತ್ತಿತ್ತು? ಅವರು ನೋಡುತ್ತಿದ್ದ ಕಡೆ ನೋಡಿದೆ. ಪಡುವಣದಲ್ಲಿ ನೀರಿನ ಟಾಕಿಯ ದೊಡ್ಡ ಕರಿಯ ತಲೆ ಇತ್ತು. ದುರ್ಬೀನು ತಾನಾಗಿಯೇ ನಕ್ಷತ್ರದ ಹಿಂದೆ ತಿರುಗುತ್ತ, ಸೊಳ್ಳೆಯ ಹಾಗೆ ಸಣ್ಣಗೆ ಗುಂಯ್ ಅನ್ನುತ್ತ, ಟಾಕಿಯ ಕಡೆ ವಾಲುತ್ತ ಹೋಯಿತು. ಒಂದು ಹೊತ್ತಿಗೆ ಲ್ಯಾಪ್‌ಟಾಪಿನ ಒಂದು ಅಂಚಿನಿಂದ ಟಾಕಿಯ ಕಪ್ಪು ಏರತೊಡಗಿತು. ಅವರು ಅದು ಅರ್ಧ ತುಂಬುವ ತನಕ ನೋಡಿದರು. ಆಮೇಲೆ ಯಂತ್ರ ನಿಲ್ಲಿಸಿದರು. ಗುಂಯ್ ಅನ್ನುವುದು ನಿಂತಿತು.

ಸುನಂದಾ ಗಲ್ಲಿಯ ಆ ತುದಿಯಲ್ಲಿ ಕಂಡಳು. ಅಷ್ಟು ಬೆಳಕಿನಲ್ಲಿ ದೂರದಿಂದಲೇ ಗುರುತು ಸಿಕ್ಕಿತು. ಒಬ್ಬಳೇ, ಬ್ಯಾಗು ತೋಳಿಗೆ ಹಾಕಿಕೊಂಡು, ಶೇಂಗಾ ಸುಲಿದು ಬಾಯಿಗೆ ಹಾಕಿಕೊಳ್ಳುತ್ತ, ಸಿಪ್ಪೆ ದಾರಿಯುದ್ದಕ್ಕೂ ಚೆಲ್ಲುತ್ತ ಬರುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಅವಳು ಅಷ್ಟು ಸಾವಕಾಶ ನಡೆದದ್ದನ್ನು ನಾನು ನೋಡಿರಲಿಲ್ಲ. ಗೇಟು ತೆಗೆದು ಒಳಗೆ ಬಂದವಳು ಉಳಿದ ಶೇಂಗಾವನ್ನು ಅವರ ಅಂಗೈಗೆ ಸುರಿದಳು.

"ಕಡೀ ದಿನ ಅಲ್ಲೇನ್ರಿ ಅಣ್ಣಾ? ಆಯ್ತೇನು ನಿಮ್ಮ ಶಾವಿಗಿ?"

ಬಣ್ಣವನ್ನು ಒಂದು ಚಿಟಿಕೆಯೂ ಹೆಚ್ಚು ಹಾಕದ ಮನುಷ್ಯ ನನ್ನ ಕಡೆ ಒಮ್ಮೆ ನೋಡಿದರು.

"ಆಯ್ತಮ್ಮ," ಎಂದರು.

ಸುನಂದಾ ಕೈಕಾಲು ತೊಳೆಯಲು ಒಳಗೆ ಹೋದಳು. ನನ್ನ ಬಾಯಿಗೆ ಬಂದದ್ದನ್ನು ನಾನು ನುಂಗಿದ್ದು, ನನಗೆ ನೆನಪಿರುವ ಮಟ್ಟಿಗೆ, ಅದೊಂದೇ ಸಲ.